ಹಳದಿ ಬಣ್ಣದ ಕೆಳಗಿನ ಬಿಳಿ ಗಿಟಾರ್

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ಮ್ಯೂಸಿಯಂನಲ್ಲಿ ಒಂದು ಹಳದಿ ಎಲೆಕ್ಟ್ರಿಕ್ ಗಿಟಾರ್ ಇದೆ. ಪ್ರಿನ್ಸ್ ನುಡಿಸುತ್ತಿದ್ದ ಗಿಟಾರ್ ಅಂತ 1993ರಲ್ಲಿ ಅಲ್ಲಿಗೆ ಸೇರಿದ್ದು. ಒಂದು ಕೊಂಬು ಉದ್ದಕ್ಕೆ ಚಾಚಿ ಬಳ್ಳಿಯ ಕುಡಿಯ ಹಾಗೆ ಬಾಗಿದೆ. ಈ ಆಕಾರಕ್ಕೆ ಕ್ಲೌಡ್ ಗಿಟಾರ್ ಅಂತ ಹೆಸರು. ಈ ಆಕಾರದ ಗಿಟಾರುಗಳು ಪ್ರಿನ್ಸ್ ಹತ್ತಿರ ಹಲವು ಬಣ್ಣಗಳಲ್ಲಿ ಇದ್ದವು. ಹಾಗಾಗಿ ಮ್ಯೂಸಿಯಂನವರೂ ಅದನ್ನು 'ಅವುಗಳಲ್ಲಿ ಇದೊಂದು' ಅಂತಲೇ ಇಟ್ಟುಕೊಂಡಿದ್ದರು. ಹತ್ತಿರಹತ್ತಿರ ಕಾಲು ಶತಮಾನ ಹೀಗೇ ಕಳೆಯಿತು. ಆಮೇಲೆ ಅಲ್ಲಿನ ಕ್ಯುರೇಟರ್ ಜಾನ್ ಟ್ರೌಟ್‌ಮನ್ ಮತ್ತು ಸಂಗಡಿಗರು ಅದನ್ನು ಸಿ.ಟಿ. ಸ್ಕ್ಯಾನ್‌ಗೆ ಒಡ್ಡಿದರು. ಕ್ಲೌಡ್ ಗಿಟಾರನ್ನು ಮೊದಲು ಮಾಡಿದ ಡೇವ್ ರೂಸನ್ ಅವರ ಸಹಾಯ ಪಡೆದು ಒಳಗಿನ ಕೆಲಸವನ್ನು ಪರೀಕ್ಷಿಸಿದರು. ಹಳದಿಯ ಕೆಳಗೆ ಬೇರೆ ಬೇರೆ ಬಣ್ಣದ ಪದರಗಳು, ಎಲ್ಲಕ್ಕಿಂತ ತಳದಲ್ಲಿ ಬಿಳಿ. 1984ರ 'ಪರ್ಪಲ್ ರೇನ್' ಸಿನಿಮಾದಲ್ಲಿ ಕಾಣಿಸುವ ಆ ಬಿಳಿ ಗಿಟಾರ್, ಎಲ್ಲ ಕ್ಲೌಡ್ ಗಿಟಾರುಗಳಲ್ಲಿ ಮೊಟ್ಟಮೊದಲನೆಯದು, ಇದೇ ಅಂತ ತೀರ್ಮಾನ ಆಯ್ತು.

ನಿಧಿ ಸಿಕ್ಕಿದ ಕಥೆಯ ಥರ ಇದನ್ನು ಹೇಳಿ ಮುಗಿಸಬಹುದು, ಹೆಚ್ಚಿನವರು ಹಾಗೇ ಹೇಳಿದ್ದಾರೆ. ನನಗೆ ಮಾತ್ರ ಇದನ್ನು ಓದಿದ ಮೇಲೆ ಸಿನಿಮಾವನ್ನೇ ಇನ್ನೊಂದು ಸಲ ನೋಡಬೇಕು ಅನ್ನಿಸ್ತು. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಯಾರದೋ ಪೆನ್‌ಡ್ರೈವಿನಿಂದ ಕಾಪಿ ಮಾಡಿಕೊಂಡು ನೋಡಿದ್ದೆ. ನೋಡಿದ್ದೆ ಅಂದರೆ, ಹಾಡು ಬಂದಾಗ ನೋಡೋದು, ಮಾತು ಬಂದಾಗ ಮುಂದಕ್ಕೆ ಓಡಿಸೋದು. ಈ ಸಲ ಓಡಿಸದೆ ನೋಡಿದೆ. ಓಡಿಸಿ ನೋಡಿದ್ದೇ ಚೆನ್ನಾಗಿತ್ತೇನೋ ಅಂತ ಒಂದೆರಡು ಕಡೆ ಅನ್ನಿಸಿದ್ದು ನಿಜ. ಆದರೆ ಹಾಗೆ ಓಡಿಸಿದ್ದರಿಂದಲೇ ಆ ಗಿಟಾರ್ ಕಥೆಯೊಳಗೆ ಏನು ಮಾಡ್ತಿದೆ ಅನ್ನೋದು ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕಥೆ ತೀರಾ ದೊಡ್ಡದೇನಲ್ಲ. ಮಿನಿಯಾಪೊಲಿಸ್ ಊರಿನ ಫಸ್ಟ್ ಅವೆನ್ಯೂ ಅನ್ನೋ ಕ್ಲಬ್ಬಿನಲ್ಲಿ ಹಾಡುವ ಒಬ್ಬ ಹುಡುಗ. ಸಿನಿಮಾದಲ್ಲಿ ಅವನಿಗೆ ಹೆಸರೇ ಇಲ್ಲ, ಎಲ್ಲರೂ 'ಕಿಡ್' ಅನ್ನುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮನನ್ನು ಹೊಡೆಯುತ್ತಾನೆ. ಅಪ್ಪನೂ ಒಂದು ಕಾಲದ ಸಂಗೀತಗಾರ, ಎಲ್ಲೂ ಸಲ್ಲದೆ ಹೋದವನು. ಕಿಡ್‌ನ ಬ್ಯಾಂಡಿನಲ್ಲಿರುವ ವೆಂಡಿ ಮತ್ತು ಲೀಸಾ ಒಂದು ಟ್ಯೂನ್ ಮಾಡಿ ಟೇಪಿನಲ್ಲಿ ಕೊಟ್ಟಿದ್ದಾರೆ, ಅವನು ಅದನ್ನು ಕೇಳೋದಕ್ಕೂ ತಯಾರಿಲ್ಲ. ಅಪೊಲೋನಿಯಾ ಅನ್ನುವ ಹುಡುಗಿ ಊರಿಗೆ ಹೊಸದಾಗಿ ಬಂದಿದ್ದಾಳೆ, ಅವಳಿಗೂ ಹಾಡಬೇಕು. ಎದುರಾಳಿ ಮೋರಿಸ್ ಅವಳನ್ನು ತನ್ನ ಹುಡುಗಿಯರ ಗುಂಪಿಗೆ ಸೇರಿಸಿಕೊಳ್ಳಲು ನೋಡುತ್ತಿದ್ದಾನೆ. ನಿರ್ದೇಶಕ ಆಲ್ಬರ್ಟ್ ಮ್ಯಾಗ್ನೋಲಿ, ಪ್ರಿನ್ಸ್‌ಗೆ ಇದು ಮೊದಲ ಸಿನಿಮಾ. ವೇದಿಕೆ ಇಳಿದ ಕೂಡಲೇ ಅವನ ನಟನೆ ಮರದ ಹಾಗೆ ಆಗಿಬಿಡುತ್ತೆ. ವೇದಿಕೆ ಹತ್ತಿದರೆ ಬೇರೆ ಯಾರನ್ನೂ ನೋಡೋಕೆ ಆಗಲ್ಲ. ಹೆಣ್ಣುಮಕ್ಕಳನ್ನು ಸಿನಿಮಾ ನಡೆಸಿಕೊಳ್ಳುವ ರೀತಿ ಅಂತೂ ಇವತ್ತು ಹೊಟ್ಟೆ ತೊಳೆಸುತ್ತೆ. ಒಬ್ಬ ಹುಡುಗಿಯನ್ನು ಎತ್ತಿ ಕಸದ ಡಬ್ಬಿಗೆ ಹಾಕುವ ದೃಶ್ಯವನ್ನು ನಗಿಸೋಕೆ ಅಂತ ಇಟ್ಟಿದ್ದಾರೆ.

ಈಗ ಗಿಟಾರ್. ಅಪೊಲೋನಿಯಾ ಮತ್ತು ಕಿಡ್ ಒಂದು ಅಂಗಡಿಯ ಗಾಜಿನ ಹಿಂದೆ ಈ ಬಿಳಿ ಗಿಟಾರನ್ನು ನೋಡುತ್ತಾರೆ. ಮುಂದೆ ಒಂದು ದಿನ ಅವಳು ಅದನ್ನು ತಾನೇ ಕೊಂಡು ಅವನಿಗೆ ಉಡುಗೊರೆಯಾಗಿ ಕೊಡುತ್ತಾಳೆ. ಅವನ ಮುಖ ಅರಳುತ್ತೆ. ಆಮೇಲೆ, ಮೋರಿಸ್‌ನ ಗುಂಪಿಗೆ ಸೇರುತ್ತಿದ್ದೇನೆ ಅಂತ ಹೇಳುತ್ತಾಳೆ. ಕಿಡ್ ಅವಳ ಕೆನ್ನೆಗೆ ಹೊಡೆಯುತ್ತಾನೆ, ಅವಳು ನೆಲಕ್ಕೆ ಬೀಳುತ್ತಾಳೆ. ಗಿಟಾರ್ ಅವನ ಹತ್ತಿರವೇ ಉಳಿಯುತ್ತೆ.

ಪೋಸ್ಟರುಗಳಲ್ಲಿ, ಟಿ-ಶರ್ಟುಗಳಲ್ಲಿ ನಾವು ಕಾಣುವ ಆ ಗಿಟಾರ್ ಹೀಗೆ ಬಂದದ್ದು. ಹೊಡೆತ ತಿಂದವಳು ಕೊಟ್ಟ ವಸ್ತು ಅದು. ಸಿನಿಮಾಕ್ಕೆ ಇದು ಗೊತ್ತು, ಒಂದು ಮಟ್ಟಕ್ಕೆ. ಹೊಡೆದ ಕೈ ಅಪ್ಪನ ಕೈ ಅನ್ನೋದನ್ನು ಅದು ನಮಗೆ ಸ್ಪಷ್ಟವಾಗಿ ಕಾಣಿಸುತ್ತೆ, ಆಮೇಲೆ ಮಗ ಅಪ್ಪನ ಹಣೆಬರಹದಿಂದ ತಪ್ಪಿಸಿಕೊಳ್ಳುತ್ತಾನಾ ಅನ್ನೋದೇ ಕಥೆಯ ಎಳೆ ಆಗುತ್ತೆ. ಅಪ್ಪ ಗುಂಡು ಹೊಡೆದುಕೊಂಡು ಆಸ್ಪತ್ರೆ ಸೇರುತ್ತಾನೆ, ಮಗನಿಗೆ ನೆಲಮಾಳಿಗೆಯಲ್ಲಿ ಅಪ್ಪ ಬರೆದಿಟ್ಟ ಸ್ವರಲಿಪಿಯ ಹಾಳೆಗಳು ಸಿಗುತ್ತವೆ. ಆಮೇಲೆ ಅವನು ವೆಂಡಿ-ಲೀಸಾರ ಟೇಪ್ ಹಾಕಿ ಕೇಳುತ್ತಾನೆ. ಕೊನೆಗೆ ಕ್ಲಬ್ಬಿನ ವೇದಿಕೆಯಲ್ಲಿ 'ಪರ್ಪಲ್ ರೇನ್' ಹಾಡುವ ಮೊದಲು, ಇದು ನಮ್ಮ ಬ್ಯಾಂಡಿನ ಹುಡುಗಿಯರು ಬರೆದ ಹಾಡು ಅಂತ ಅವರ ಹೆಸರು ಹಿಡಿದು ಹೇಳುತ್ತಾನೆ. ನನ್ನ ಮಟ್ಟಿಗೆ ಇಡೀ ಸಿನಿಮಾದ ಅತ್ಯಂತ ದೊಡ್ಡ ಕ್ಷಣ ಅದೇ. ಹಾಡಿನ ತುದಿಯ ಗಿಟಾರ್ ಸೋಲೋ ಕೂಡ ಅಲ್ಲ. ಬೇರೆಯವರ ಕೆಲಸಕ್ಕೆ ಬೇರೆಯವರ ಹೆಸರು ಹೇಳುವುದನ್ನು ಒಬ್ಬ ಅಹಂಕಾರಿ ಕಲಿತದ್ದು.

ನಮ್ಮ ಕೆಲಸದಲ್ಲಿ ಯಾವ ಸಾಲನ್ನು ಯಾರು ಬರೆದರು ಅಂತ ತೋರಿಸುವ ಒಂದು ಕಮಾಂಡ್ ಇದೆ, ಹೆಸರು ಗಿಟ್ ಬ್ಲೇಮ್. ಹೆಸರಲ್ಲೇ ದೂರು ಇದೆ ನೋಡಿ. ಏನಾದರೂ ಕೆಟ್ಟಾಗ ಮಾತ್ರ ಅದು ನೆನಪಾಗೋದು. ಚೆನ್ನಾಗಿ ನಡೆಯುತ್ತಿರುವ ಕೋಡನ್ನು ಯಾರು ಬರೆದರು ಅಂತ ಯಾರೂ ಅದನ್ನು ಓಡಿಸಿ ನೋಡಲ್ಲ. ಒಂದು ಕಡೆ ನಾನು ಎಂಟು ತಿಂಗಳು ಕೂತು ಮಾಡಿದ ಕೆಲಸವನ್ನು ದೊಡ್ಡ ಪರದೆಯ ಮೇಲೆ ತೋರಿಸಿದ ದಿನ ನನ್ನ ಹೆಸರು ಬರಲಿಲ್ಲ. ತೋರಿಸಿದವರು ಚೆನ್ನಾಗಿಯೇ ತೋರಿಸಿದರು, ಸುಳ್ಳು ಹೇಳಬಾರದು. ಮಧ್ಯಾಹ್ನ ಕೇಕ್ ಕತ್ತರಿಸಿದಾಗ ಒಂದು ತುಂಡು ನನಗೂ ಸಿಕ್ಕಿತ್ತು. ಇದನ್ನು ಇಲ್ಲಿ ಯಾಕೆ ಹೇಳ್ತಿದೀನಿ ಅಂದರೆ, ಆ ವೇದಿಕೆಯ ಕ್ಷಣ ನನಗೆ ಬೇಕಾದ್ದಕ್ಕಿಂತ ಜಾಸ್ತಿ ಇಷ್ಟ ಆಗೋದಕ್ಕೆ ಇದೂ ಒಂದು ಕಾರಣ ಇರಬಹುದು. ಓದುವವರು ಅಷ್ಟು ರಿಯಾಯಿತಿ ಕಳೆದುಕೊಂಡು ಓದಬಹುದು.

ಆದರೆ ಸಿನಿಮಾ ಕೊಟ್ಟ ಹೆಸರನ್ನು ರೆಕಾರ್ಡ್ ಕೊಡಲಿಲ್ಲ. ಆಲ್ಬಮ್ಮಿನ ಮೇಲೆ 'ಪರ್ಪಲ್ ರೇನ್' ಹಾಡು ಬರೆದವನು ಪ್ರಿನ್ಸ್, ಒಬ್ಬನೇ. ಕಥೆಯಲ್ಲಿ ಹುಡುಗಿಯರು ಬರೆದ ಹಾಡು, ವಾಸ್ತವದಲ್ಲಿ ಅವನದು. ಅದರಲ್ಲಿ ಮೋಸವಿದೆ ಅಂತಲ್ಲ, ಮಾತು ಮತ್ತು ಹಾಡು ಅವನದೇ. ಆದರೆ ಆ ಹಾಡು ತೆರೆದುಕೊಳ್ಳುವ ಗಿಟಾರ್ ಕಾರ್ಡುಗಳಿವೆಯಲ್ಲ, ಕೇಳಿದ ಕೂಡಲೇ ಗುರುತು ಹತ್ತುವಂಥವು, ಅವು ವೆಂಡಿ ಮೆಲ್ವಾಯಿನ್ ನುಡಿಸಿದ್ದು. 1983ರ ಆಗಸ್ಟ್ 3ರ ರಾತ್ರಿ ಅದೇ ಫಸ್ಟ್ ಅವೆನ್ಯೂ ಕ್ಲಬ್ಬಿನಲ್ಲಿ, ಮಿನೆಸೋಟ ಡಾನ್ಸ್ ಥಿಯೇಟರ್ ಸಹಾಯಾರ್ಥ ನಡೆದ ಕಾರ್ಯಕ್ರಮದಲ್ಲಿ. ಆಗ ಅವಳಿಗೆ 19 ವರ್ಷ, ಆ ಬ್ಯಾಂಡಿನ ಜೊತೆ ಅವಳ ಮೊದಲ ಕಾರ್ಯಕ್ರಮ ಅದು. ಆಲ್ಬಮ್ಮಿನಲ್ಲಿ ನಾವು ಕೇಳುವುದು ಆ ರಾತ್ರಿಯ ರೆಕಾರ್ಡಿಂಗನ್ನೇ ತಿದ್ದಿ ತೀಡಿದ್ದು.

ಇಲ್ಲೇ ಇನ್ನೊಂದು ತಮಾಷೆ ಇದೆ. ಆ ರಾತ್ರಿ ಪ್ರಿನ್ಸ್ ಕೈಯಲ್ಲಿದ್ದದ್ದು ಬಿಳಿ ಕ್ಲೌಡ್ ಅಲ್ಲ. ಟೆಲಿಕಾಸ್ಟರ್ ಮಾದರಿಯ, ಮರದ ಬಣ್ಣದ, ಚಿರತೆ ಚುಕ್ಕೆಯ ಪಟ್ಟಿ ಹಾಕಿದ ಒಂದು ಜಪಾನಿ ಗಿಟಾರ್. ಮ್ಯಾಡ್ ಕ್ಯಾಟ್ ಅಂತ ಕರೆಯುತ್ತಾರೆ. ಜನ 'ಪರ್ಪಲ್ ರೇನ್ ಗಿಟಾರ್' ಅಂತ ಕಣ್ಣು ಮುಚ್ಚಿ ನೆನೆಯುವುದು ಬಿಳಿಯದನ್ನು, ಕಿವಿಗೆ ಬೀಳುವುದು ಈ ಚಿರತೆಯದು. ಬಿಳಿ ಕ್ಲೌಡ್ ಬಂದದ್ದೇ ಸಿನಿಮಾಕ್ಕಾಗಿ, ಕಣ್ಣಿಗಾಗಿ. ಅಂದಮಾತ್ರಕ್ಕೆ ಅದು ಬರೀ ಆಟಿಕೆ ಅಂದುಕೊಳ್ಳಬೇಡಿ. ಪೂರ್ತಿ ನುಡಿಯುವ ವಾದ್ಯ. ಸಿನಿಮಾ ಮುಗಿದ ಮೇಲೂ ಪ್ರಿನ್ಸ್ ಅದನ್ನು ಬಿಡಲಿಲ್ಲ.

ಅದನ್ನು ಮಾಡಿದ್ದು ಮಿನಿಯಾಪೊಲಿಸ್‌ನಲ್ಲೇ ಇದ್ದ ಕ್ನೂಟ್-ಕೂಪೀ ಮ್ಯೂಸಿಕ್ ಅನ್ನುವ ಅಂಗಡಿಯಲ್ಲಿ, 1983ರಲ್ಲಿ. ಅಲ್ಲಿ ಗಿಟಾರ್ ರಿಪೇರಿ ಮಾಡುತ್ತಿದ್ದ ರೂಸನ್‌ಗೆ ಕೆಲಸ ಬಂತು. ಪ್ರಿನ್ಸ್ ಹತ್ತಿರ ಮೊದಲೇ ಒಂದು ಬೇಸ್ ಗಿಟಾರ್ ಇತ್ತು, ಜೆಫ್ ಲೆವಿನ್ ಅನ್ನುವವರು ಸಾರ್ಡೋನಿಕ್ಸ್ ಹೆಸರಿನಲ್ಲಿ ಮಾಡಿದ್ದು. ಆಕಾರ ಅದರ ಥರ ಇರಲಿ, ಬಣ್ಣ ಬಿಳಿ, ಲೋಹದ ಭಾಗಗಳು ಚಿನ್ನದ ಬಣ್ಣ, ಪಿಕಪ್‌ಗಳು ಇಎಂಜಿ ಕಂಪನಿಯವು, ಬೆರಳಿಡುವ ಪಟ್ಟಿಯಲ್ಲಿ ಇಸ್ಪೀಟೆಲೆಯ ಸ್ಪೇಡ್ ಗುರುತುಗಳು. ಹೆಚ್ಚುಕಡಿಮೆ ಇಷ್ಟೇ ಬೇಡಿಕೆಪಟ್ಟಿ. ಮಿಕ್ಕಿದ್ದೆಲ್ಲ ಮಾಡುವವರಿಗೇ ಬಿಟ್ಟದ್ದು. ಮೇಪಲ್ ಮರ, ಕತ್ತಿನಿಂದ ಬುಡದ ತನಕ ನಡುವಿನ ಭಾಗ ಒಂದೇ ತುಂಡು. ನಮ್ಮ ಕಡೆಯ ಕ್ಲೈಂಟುಗಳೂ ಹೀಗೇ ನಾಲ್ಕು ಸಾಲು ಕಳಿಸಿ ಸುಮ್ಮನಾಗುತ್ತಾರೆ. ಆದರೆ ಆ ನಾಲ್ಕು ಸಾಲಿನಿಂದ ಇಂಥದ್ದು ಹುಟ್ಟುವುದು ಅಪರೂಪ.

ಜೆಫ್ ಲೆವಿನ್‌ನ ಬೇಸ್‌ನಿಂದ ಆಕಾರ, ಪ್ರಿನ್ಸ್‌ನ ನಾಲ್ಕು ಮಾತು, ರೂಸನ್‌ನ ಕೈ. ಇಷ್ಟು ಜನ ಸೇರಿ ಆದ ವಸ್ತು ಸಿನಿಮಾದೊಳಗೆ ಹೇಗೆ ಬರುತ್ತೆ? ಅಂಗಡಿಯ ಗಾಜಿನ ಹಿಂದೆ, ಬೆಳಕಿನಲ್ಲಿ, ಆಕಾಶದಿಂದ ಇಳಿದ ಹಾಗೆ. ಯಾರೂ ಮಾಡದೇ ಇದ್ದ ಹಾಗೆ. ಸಿನಿಮಾದಲ್ಲಿ ಎಲ್ಲ ವಸ್ತುವಿನ ಪಾಡೂ ಇಷ್ಟೇ ಅಲ್ವಾ, ಕುರ್ಚಿ ಮಾಡಿದವನ ಹೆಸರನ್ನು ಯಾರು ಕೇಳುತ್ತಾರೆ ಅಂತ ನೀವು ಅನ್ನಬಹುದು. ಬೇರೆ ಸಿನಿಮಾ ಆಗಿದ್ದರೆ ನಾನೂ ಕೇಳುತ್ತಿರಲಿಲ್ಲ. ಯಾರ ಕೆಲಸ, ಯಾರ ಹೆಸರು ಅನ್ನೋದನ್ನೇ ಗಂಟು ಮಾಡಿಕೊಂಡ ಸಿನಿಮಾ ಇದು. ಅಪ್ಪನ ಹೆಸರಿಲ್ಲದ ಹಾಳೆಗಳು, ಹುಡುಗಿಯರ ಕೇಳದೇ ಬಿಟ್ಟ ಟೇಪು. ಇವೆರಡನ್ನೂ ಗೌರವದಿಂದ ಬಿಚ್ಚುವ ಸಿನಿಮಾ ಅಪೊಲೋನಿಯಾಳ ಉಡುಗೊರೆಯನ್ನು ಮಾತ್ರ ಬಿಚ್ಚುವುದೇ ಇಲ್ಲ. ಅವಳು ಕೊನೆಗೆ ಕ್ಲಬ್ಬಿನ ಗುಂಪಿನಲ್ಲಿ ನಿಂತು ಕಣ್ಣು ತುಂಬಿಕೊಂಡು ಹಾಡು ಕೇಳುತ್ತಾಳೆ. ಅವಳಿಗೂ ಹಾಡಬೇಕಿತ್ತು ಅನ್ನೋದು ಸಿನಿಮಾಕ್ಕೆ ಅಷ್ಟರಲ್ಲಿ ಮರೆತೇ ಹೋಗಿದೆ. ಹಾಡು ದೊಡ್ಡದಾಗಿರುವುದರಿಂದ ನಮಗೂ ಮರೆಯುತ್ತೆ. ಸಿನಿಮಾದ ದೊಡ್ಡ ದೋಷ ಯಾವುದು ಅಂತ ಕೇಳಿದರೆ ನಾನು ಪ್ರಿನ್ಸ್‌ನ ನಟನೆಯನ್ನು ಹೇಳಲ್ಲ, ಇದನ್ನು ಹೇಳ್ತೀನಿ.

ಸಿನಿಮಾ ಗೆದ್ದಿತು. ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ 24 ವಾರ ಮೊದಲ ಸ್ಥಾನ ಬಿಟ್ಟು ಇಳಿಯಲಿಲ್ಲ. 1985ರಲ್ಲಿ ಆಸ್ಕರ್ ಬಂತು. ಅದನ್ನು ತಗೊಳ್ಳೋಕೆ ಪ್ರಿನ್ಸ್ ವೇದಿಕೆ ಹತ್ತಿದಾಗ ಅಕ್ಕಪಕ್ಕ ವೆಂಡಿ ಮತ್ತು ಲೀಸಾ ಇದ್ದರು. ಗಿಟಾರ್ ಕೂಡ ಹೊಸ ಕೆಲಸಗಳಿಗೆ ಹೊರಟಿತು. ಅದೇ ಆಕಾರದಲ್ಲಿ ರೂಸನ್ ಇನ್ನೂ ಕೆಲವನ್ನು ಮಾಡಿದರು, ಆಮೇಲೆ ಆಂಡಿ ಬೀಚ್ ಅನ್ನುವವರು ಹಲವನ್ನು ಮಾಡಿಕೊಟ್ಟರು. ಪ್ರಿನ್ಸ್ ಗಿಟಾರನ್ನು ಜೋಪಾನ ಮಾಡುವ ಜಾತಿಯವನಲ್ಲ. ಹಾಡು ಮುಗಿದಾಗ ಎಸೆಯುತ್ತಿದ್ದ. ಮುರಿದರೆ ಅಂಟಿಸಬೇಕು, ಅಂಟಿಸಿದ್ದು ಕಾಣದ ಹಾಗೆ ಬಣ್ಣ ಹೊಡೆಯಬೇಕು. ಹೊಸ ಕಾರ್ಯಕ್ರಮ, ಹೊಸ ಬಟ್ಟೆ, ಅದಕ್ಕೆ ಹೊಂದುವ ಹೊಸ ಬಣ್ಣ. ಜಗತ್ತಿಗೆಲ್ಲ ಗೊತ್ತಿದ್ದ ಬಿಳಿ ಗಿಟಾರನ್ನು ಅದರ ಯಜಮಾನನೇ ಹೀಗೆ ಅಳಿಸಿಹಾಕಿದ. ದಾಖಲೆಯನ್ನು ಬೇಕಂತಲೇ ನಾಶ ಮಾಡಿದ ಅಂತಲ್ಲ. ಅವನಿಗೆ ಅದು ದಾಖಲೆಯಾಗಿ ಕಂಡೇ ಇರಲಿಲ್ಲ, ದಿನದ ಕೆಲಸಕ್ಕೆ ಬೇಕಾದ ಉಪಕರಣವಾಗಿತ್ತು. ಗಿಟಾರ್ ಮ್ಯೂಸಿಯಂಗೆ ಹೋದ 1993ರಲ್ಲೇ ಅವನು ತನ್ನ ಹೆಸರನ್ನೂ ಬಿಟ್ಟು ಉಚ್ಚರಿಸಲಾಗದ ಒಂದು ಚಿಹ್ನೆಯನ್ನು ಇಟ್ಟುಕೊಂಡ. ರೆಕಾರ್ಡ್ ಕಂಪನಿಯ ಜೊತೆಗಿನ ಜಗಳ ಅದಕ್ಕೆ ಹಿನ್ನೆಲೆ. ಹಾಡು ಯಾರದು, ಹೆಸರು ಯಾರದು ಅಂತ ಆ ಮನುಷ್ಯನೇ ಬೀದಿಗಿಳಿದು ಕೇಳಿದ ವರ್ಷಗಳವು.

ನಮ್ಮೂರಲ್ಲಿ ಒಬ್ಬರು ವಯಸ್ಸಾದ ಆಚಾರ್ರು ಇದ್ದರು. ಹಳೇ ಮನೆಗಳ ಬಾಗಿಲಿಗೆ ಎಷ್ಟು ಸಲ ಆಯಿಲ್ ಪೇಂಟ್ ಹೊಡೆದಿದ್ದರೂ ಬಾಗಿಲವಾಡದ ಮೂಲೆಗೆ ಹೆಬ್ಬೆರಳು ಆಡಿಸಿ, ಇದು ನಂದು, ಇದು ನಂದಲ್ಲ ಅಂತ ಹೇಳೋರು. ಸಂದು ಕೂಡಿಸಿದ ರೀತಿ ಪೇಂಟಿಗೆ ಮುಚ್ಚಲು ಸಿಗಲ್ಲವಂತೆ. ಸ್ಮಿತ್ಸೋನಿಯನ್ ಸುದ್ದಿ ಓದುವಾಗ ನನಗೆ ಕಂಡದ್ದು ಆ ಹೆಬ್ಬೆರಳು. ಸ್ಕ್ಯಾನ್ ಮೆಷಿನ್ನು ಪದರ ತೋರಿಸಬಹುದು, ಆದರೆ ಮರವನ್ನು ಯಾರು ಹೇಗೆ ಕಡೆದಿದ್ದಾರೆ, ಮೊದಲ ಸಲ ಮಾಡುವಾಗ ಏನು ಮಾಡಿ ಆಮೇಲೆ ಹೇಗೆ ಬದಲಾಯಿಸಿಕೊಂಡರು ಅಂತ ತಿಳಿದಿರುವುದು ಮಾಡಿದವರಿಗೆ. ಯಾರ ಹೆಸರು ಸಿನಿಮಾದ ಗಾಜಿನ ಹಿಂದೆ ಇರಲಿಲ್ಲವೋ ಅವರನ್ನು ಕೇಳದೆ ಆ ಗಿಟಾರಿಗೆ ಅದರ ಹೆಸರು ವಾಪಸ್ ಸಿಗುವ ಹಾಗಿರಲಿಲ್ಲ.

ಎಲ್ಲ ಗಿಟಾರುಗಳಿಗೂ ಇಂಥ ಅದೃಷ್ಟ ಇಲ್ಲ. ಕ್ವೆಂಟಿನ್ ಟ್ಯಾರಂಟೀನೋನ 'ದಿ ಹೇಟ್‌ಫುಲ್ ಎಯ್ಟ್' ಚಿತ್ರಕ್ಕೆ ಮಾರ್ಟಿನ್ ಕಂಪನಿಯ ಮ್ಯೂಸಿಯಂ 1870ರ ದಶಕದ ಒಂದು ಗಿಟಾರನ್ನು ಎರವಲು ಕೊಟ್ಟಿತ್ತು. ದೃಶ್ಯದಲ್ಲಿ ಕರ್ಟ್ ರಸೆಲ್ ಅದನ್ನು ಕಿತ್ತುಕೊಂಡು ಒಡೆಯಬೇಕು. ಒಡೆಯೋಕೆ ಅಂತಲೇ ನಕಲುಗಳನ್ನು ಮಾಡಿಟ್ಟಿದ್ದರು. ಬದಲಾಯಿಸುವ ಮೊದಲೇ, ಕೈಲಿರುವುದು ಅಸಲಿ ಅಂತ ಗೊತ್ತಿಲ್ಲದ ರಸೆಲ್ ಅದನ್ನೇ ಕಂಬಕ್ಕೆ ಅಪ್ಪಳಿಸಿ ಪುಡಿ ಮಾಡಿದ. ಅದನ್ನು ನೋಡಿ ಜೆನಿಫರ್ ಜೇಸನ್ ಲೀ ಚೀರುವುದು ನಟನೆಯಲ್ಲ, ಆ ಟೇಕ್ ಸಿನಿಮಾದಲ್ಲಿ ಉಳಿದಿದೆ. ಕಂಪನಿಗೆ ಮೊದಲು ಸಿಕ್ಕ ವಿವರಣೆ, ಸೆಟ್ಟಿನಲ್ಲಿ ಏನೋ ಬಿದ್ದು ಅಪಘಾತವಾಯಿತು ಅಂತ. ಇನ್ನು ಯಾವ ಸಿನಿಮಾಕ್ಕೂ ಗಿಟಾರ್ ಎರವಲು ಕೊಡುವುದಿಲ್ಲ ಅಂದರು ಮಾರ್ಟಿನ್‌ನವರು. ಆ ದೃಶ್ಯ ಅದ್ಭುತ ಅಂತ ಹೇಳುವ ಸಿನಿಮಾಪ್ರೇಮಿಗಳನ್ನು ನೋಡಿದ್ದೇನೆ. ನನಗೆ ಆಗಲ್ಲ. ನೂರ ನಲವತ್ತು ವರ್ಷ ಉಳಿದು ಬಂದ ಮರದ ಬೆಲೆಗೆ ಒಂದು ಚೀತ್ಕಾರ, ಅದೂ ನಟಿಗೆ ಗೊತ್ತಿಲ್ಲದೆ ಕದ್ದದ್ದು.

'ಬ್ಯಾಕ್ ಟು ದಿ ಫ್ಯೂಚರ್'ನಲ್ಲಿ ಮೈಕಲ್ ಜೆ. ಫಾಕ್ಸ್ ಹಿಡಿದ ಕೆಂಪು ಗಿಬ್ಸನ್ ಇಎಸ್-345 ಅಂತೂ ಕಾಣೆಯೇ ಆಗಿದೆ. ಬಾಡಿಗೆಗೆ ತಂದಿದ್ದ ಗಿಟಾರ್ ಅದು. ಕೆಲವು ವರ್ಷದ ಮೇಲೆ ಎರಡನೇ ಭಾಗಕ್ಕೆ ಅಂತ ಹುಡುಕಿದಾಗ ಸಿಗಲಿಲ್ಲ. ಸಿನಿಮಾಕ್ಕೆ 40 ವರ್ಷ ತುಂಬಿದ 2025ರಲ್ಲಿ ಗಿಬ್ಸನ್ ಕಂಪನಿ ಫಾಕ್ಸ್‌ನನ್ನೇ ಕೂರಿಸಿಕೊಂಡು, ಕಂಡವರು ತಿಳಿಸಿ ಅಂತ ಪ್ರಕಟಣೆ ಹೊರಡಿಸಿತು, ಡಾಕ್ಯುಮೆಂಟರಿ ಮಾಡುತ್ತೇವೆ ಅಂತಲೂ ಹೇಳಿತು. ಗುರುತು ಏನು ಗೊತ್ತಾ? ಆ ಮಾದರಿಯಲ್ಲಿ ಸಾಮಾನ್ಯವಾಗಿ ಸೀಳಿದ ಹಾಗೆ ಇರುವ ಬೆರಳುಪಟ್ಟಿಯ ಗುರುತು, ಈ ಗಿಟಾರಿನ ಹನ್ನೆರಡನೇ ಫ್ರೆಟ್‌ನಲ್ಲಿ ಮಾತ್ರ ಸೀಳದೆ ಇಡಿಯಾಗಿದೆ. ಮತ್ತೆ ಅದೇ, ಯಾರದೋ ಕೈಯ ಒಂದು ಸಣ್ಣ ವ್ಯತ್ಯಾಸ. ಅಂದಹಾಗೆ ಆ ದೃಶ್ಯ ನಡೆಯುವುದು 1955ರಲ್ಲಿ, ಗಿಟಾರ್ ಮಾದರಿ ಬಂದದ್ದು 1958ರಲ್ಲಿ. ನಾವು ಕೇಳುವ ಗಿಟಾರನ್ನು ನುಡಿಸಿದ್ದು ಫಾಕ್ಸ್ ಅಲ್ಲ, ಟಿಮ್ ಮೇ. ಕಂಪನಿಯ ಹುಡುಕಾಟ ಒಳ್ಳೇ ಜಾಹೀರಾತು ಅನ್ನೋದರಲ್ಲಿ ಅನುಮಾನವಿಲ್ಲ, ಆದರೂ ಸಿಕ್ಕಲಿ ಅಂತ ನನಗೂ ಆಸೆ ಇದೆ.

2016ರ ಏಪ್ರಿಲ್ 21ರಂದು ಪ್ರಿನ್ಸ್ ತೀರಿಕೊಂಡ ಮೇಲೆ ಕ್ಲೌಡ್‌ಗಳ ಬೆಲೆ ಏರಿತು. ಅದೇ ವರ್ಷ ಒಂದು ಹಳದಿ ಕ್ಲೌಡ್ 1,37,500 ಡಾಲರಿಗೆ ಹೋಯಿತು. 2017ರಲ್ಲಿ ಹಸಿರು-ನೀಲಿಯದೊಂದು 7,00,000ಕ್ಕೆ. 2020ರಲ್ಲಿ, ಕಳೆದೇ ಹೋಯಿತು ಅಂದುಕೊಂಡಿದ್ದ, ರೂಸನ್ ಮಾಡಿದ್ದ ನೀಲಿಯದೊಂದು 5,63,500ಕ್ಕೆ. ಹರಾಜಿನಲ್ಲಿ ಹೋದ ಮೇಲೆ ಅವು ಯಾರ ಕೈಯಲ್ಲಾದರೂ ನುಡಿಯುತ್ತವೋ, ಗಾಜಿನ ಹಿಂದೆ ನಿಲ್ಲುತ್ತವೋ ಕೊಂಡವರ ಇಷ್ಟ. ಈ ಲೆಕ್ಕದಲ್ಲಿ ಸ್ಮಿತ್ಸೋನಿಯನ್‌ನ ಹಳದಿಗೆ ಈಗ ಎಷ್ಟು ಬೆಲೆ ಕಟ್ಟುತ್ತಾರೋ, ಯೋಚನೆ ಮಾಡೋದೂ ಬೇಡ. ಪುಣ್ಯಕ್ಕೆ ಅದು ಮಾರಾಟಕ್ಕಿಲ್ಲ.

ಅದನ್ನು ಕೆರೆದು ಮತ್ತೆ ಬಿಳಿ ಮಾಡಬೇಕು ಅನ್ನುವವರೂ ಇರಬಹುದು. ದಯವಿಟ್ಟು ಬೇಡ. ಸಿನಿಮಾ ನೋಡಿ ಬಂದವರಿಗೆ ಬಿಳಿಯದೇ ಬೇಕು, ಗೊತ್ತು. ಆದರೆ ಆ ಹಳದಿ, ಅದರ ಕೆಳಗಿನದು, ಅದರ ಕೆಳಗಿನದು, ಎಲ್ಲ ಪ್ರಿನ್ಸ್ ದುಡಿದ ವರ್ಷಗಳು. ಬಿಳಿ ಒಂದೇ ಒಂದು ಸಿನಿಮಾದ್ದು.

ಮೊನ್ನೆ ರಾತ್ರಿ ಉಡುಗೊರೆಯ ದೃಶ್ಯವನ್ನು ಮೂರನೇ ಸಲ ಹಾಕಿಕೊಂಡು ನೋಡಿದೆ. ಈ ಸಲ ಗಿಟಾರನ್ನು ಬಿಟ್ಟು ಅಪೊಲೋನಿಯಾಳ ಮುಖವನ್ನೇ ನೋಡುತ್ತಾ ಕೂತೆ. ಹೊಡೆತ ಬೀಳುವ ಮೊದಲು, ಅವನಿಗೆ ಇಷ್ಟ ಆಯ್ತಾ ಅಂತ ಕಾಯುವ ಒಂದೆರಡು ಕ್ಷಣ ಇದೆ. ಹಾಸ್ಟೆಲಿನಲ್ಲಿ ಅದನ್ನು ಓಡಿಸಿಬಿಟ್ಟಿದ್ದೆ.